ಮೂರು ಗಾಲಿಯ ಗಾಡಿಯಲ್ಲಿ ಚನ್ನಮಲ್ಲಮ್ಮ

ಮಾನ್ವಿಯ ಚನ್ನಮಲ್ಲಮ್ಮ ಯಾರನ್ನೂ ಸುಮ್ಮನೆ ನಂಬುವವಳಲ್ಲ. ಅರಕೇರಾದಿಂದ ಸೊಸೆಯಾಗಿ ಬಂದಾಗ ಅವಳೂ ನಮ್ಮ ನಿಮ್ಮಂತೆಯೇ ಇದ್ದಳಂತೆ. ಅನುಮಾನ ಬಂದದ್ದು ಅಂಗಡಿಯ ಜೊತೆಗೆ. ಗಂಡ ಗಡಿಗೆಪ್ಪ ತೀರಿಕೊಂಡ ಮೇಲೆ ಬೀಜ-ಗೊಬ್ಬರದ ಅಂಗಡಿಗೆ ಅವಳೇ ಬಂದು ಕೂತಳು. ಕೂತ ಮೊದಲ ಮುಂಗಾರಿನಲ್ಲೇ ಏಜೆಂಟನೊಬ್ಬ ನಕಲಿ ಹತ್ತಿಬೀಜವನ್ನು ಅವಳ ತಲೆಗೆ ಕಟ್ಟಿ ಹೋದ. ಕಲ್ಲೂರಿನ ರೈತರು ಮೊಳಕೆಯೊಡೆಯದ ಬೀಜವನ್ನು ತಂದು ಅವಳ ಮುಂದೆ ಸುರುವಿ, ಒಂದು ಮಾತೂ ಬೈಯದೆ ಎದ್ದು ಹೋದರು. ಬೈದಿದ್ದರೆ ಮರೆತುಬಿಡುತ್ತಿದ್ದಳೇನೋ.

ಅಂದಿನಿಂದ ಅವಳು ಚೀಲದ ಹೊಲಿಗೆ ನೋಡುತ್ತಾಳೆ, ಪಾಕೀಟಿನ ಅಂಟು ನೋಡುತ್ತಾಳೆ, ಬೀಜವನ್ನು ಅಂಗೈಯಲ್ಲಿ ಹಾಕಿಕೊಂಡು ತೂಗಿ ನೋಡುತ್ತಾಳೆ. ಆ ಅಂಗೈ ಹತ್ತೊಂಬತ್ತು ವರ್ಷದಲ್ಲಿ ಒಮ್ಮೆಯೂ ತಪ್ಪಿಲ್ಲ. "ಚನ್ನಮಲ್ಲಮ್ಮ ಹೌದು ಅಂದ್ರ ಬಿತ್ತು, ಇಲ್ಲಂದ್ರ ಬಿಡು" ಎಂದು ಸುತ್ತಿನ ಹಳ್ಳಿಯವರು ಹೇಳುತ್ತಾರೆ. ಆದರೆ ಬೀಜಕ್ಕೆ ಹಚ್ಚುವ ಒರೆಯನ್ನು ಅವಳು ಮನುಷ್ಯರಿಗೂ ಹಚ್ಚತೊಡಗಿದಳು, ತೊಂದರೆ ಆದದ್ದು ಅಲ್ಲಿ.

ಎಲ್ಲರಿಗಿಂತ ಹೆಚ್ಚು ಅನುಮಾನ ಎದುರಂಗಡಿಯ ಬಸವಲಿಂಗನ ಮೇಲೆ. ದೇವದುರ್ಗದವನು, ಅವಳಿಗಿಂತ ಎಂಟು ವರ್ಷ ಚಿಕ್ಕವನು, ಮಾನ್ವಿಗೆ ಬಂದು ಸರಿಯಾಗಿ ಅವಳ ಬಾಗಿಲಿಗೆ ಬಾಗಿಲು ಕೊಟ್ಟು ಅದೇ ವ್ಯಾಪಾರ ಇಟ್ಟವನು. ಒಮ್ಮೆ ಅವಳ ಅಂಗಡಿಯ ಮೇಲೆ ಕೃಷಿ ಇಲಾಖೆಗೆ ಹೆಸರಿಲ್ಲದ ಅರ್ಜಿ ಹೋಯಿತು. ಬಂದವರು ಹುಡುಕಿ, ಏನೂ ಸಿಗದೆ, ಚಹಾ ಕುಡಿದು ಹೋದರು. ಬರೆದವನು ಬಸವಲಿಂಗನೇ ಎಂದು ಅವಳು ಅಂದೇ ತೀರ್ಮಾನಿಸಿದಳು. ಸಾಕ್ಷಿ ಕೇಳಿದರೆ, "ಅವನ ನಗು ನೋಡು" ಎನ್ನುತ್ತಿದ್ದಳು.

ಹೋದ ವರ್ಷ ಬೆಳೆಗೆ ಹೊಡೆಯುವ ಔಷಧದ ಕಂಪನಿಯೊಂದು ರಾಯಚೂರಿನ ಹೋಟೆಲಿನಲ್ಲಿ ಸಭೆ ಕರೆದು, ಹೆಚ್ಚು ಮಾಲು ಮಾರಿದ ಡೀಲರುಗಳಿಗೆ ಸಿಂಗಾಪುರದಿಂದ ಐದು ದಿನದ ಹಡಗಿನ ಪ್ರವಾಸ ಎಂದು ಸಾರಿತು. ಎಲ್ಲರೂ ಚಪ್ಪಾಳೆ ತಟ್ಟಿದರೆ ಚನ್ನಮಲ್ಲಮ್ಮ, "ಪುಕ್ಕಟೆ ಯಾಕ ಕೊಡ್ತಾರ?" ಎಂದು ಪಕ್ಕದವರನ್ನು ಕೇಳಿದಳು. ಪಾಸ್‌ಪೋರ್ಟಿನ ವಿಚಾರಣೆಗೆ ಮನೆಗೆ ಬಂದ ಪೊಲೀಸನ ಗುರುತಿನ ಚೀಟಿಯನ್ನೇ ತಿರುಗಿಸಿ ಮುರುಗಿಸಿ ನೋಡಿ ಕಳಿಸಿದಳು. ಜೊತೆಗೆ ಬರಬೇಕಿದ್ದ ಸೊಸೆ ಶೈಲಶ್ರೀಯ ಕಾಗದಪತ್ರ ಸಮಯಕ್ಕೆ ಬರಲಿಲ್ಲ. ತಾನು ಹೋಗದಿದ್ದರೆ, ತನ್ನಂತೆಯೇ ಪ್ರವಾಸ ಗೆದ್ದಿದ್ದ ಬಸವಲಿಂಗ ಅಲ್ಲಿ ಕಂಪನಿಯವರ ಕಿವಿಯಲ್ಲಿ ಏನು ಊದುತ್ತಾನೋ ಎಂಬ ಚಿಂತೆಗೆ ಒಬ್ಬಳೇ ಹೊರಟಳು.

ಮೂರನೆಯ ಬೆಳಿಗ್ಗೆ ಹಡಗು ಮಲೇಷ್ಯಾ ಕಡೆಯ ಒಂದು ನಡುಗಡ್ಡೆಯ ದಡ ಸೇರಿತು. ಅದರ ಹೆಸರು ಅವಳ ಬಾಯಿಗೆ ಕೊನೆಗೂ ಹೊಂದಲಿಲ್ಲ. ಸಂಜೆ ಐದಕ್ಕೆ ಹಡಗು ಹೊರಡುತ್ತದೆ, ಅಷ್ಟರೊಳಗೆ ಮೂರು ಗಾಲಿಯ ಮೋಟಾರು ಗಾಡಿಗಳಲ್ಲಿ ದ್ವೀಪ ಸುತ್ತಿಸುತ್ತಾರೆ ಎಂದರು. ಚನ್ನಮಲ್ಲಮ್ಮ ನಮ್ಮ ಆಟೋದಂಥದ್ದು ಇರಬಹುದು ಅಂದುಕೊಂಡರೆ, ಅದಕ್ಕೆ ಚಾವಣಿಯೂ ಇಲ್ಲ, ಬಾಗಿಲೂ ಇಲ್ಲ. ಮುಂದೆ ಒಬ್ಬರು ಹ್ಯಾಂಡಲ್ ಹಿಡಿಯಬೇಕು, ಹಿಂದೆ ಒಬ್ಬರು ಕೂರಬೇಕು. ಉಳಿದವರೆಲ್ಲ ಗಂಡ-ಹೆಂಡತಿ. ಒಂಟಿಯಾಗಿ ಬಂದವರು ಇಬ್ಬರೇ, ಅವಳು ಮತ್ತು ಬಸವಲಿಂಗ. ಮಾನ್ವಿಯಲ್ಲಿ ಅವನ ನೆರಳು ಬಿದ್ದರೆ ಬಳಸಿ ಹೋಗುತ್ತಿದ್ದವಳು ಅವನ ಬೆನ್ನ ಹಿಂದೆ ಕೂರಬೇಕಾಯಿತು.

ದಾರಿ ತೋರಿಸುವವಳು ತಲೆಗೆ ಬಟ್ಟೆ ಸುತ್ತಿದ ನಲವತ್ತರ ಹೆಂಗಸು. ಕೊರಳಲ್ಲಿ ಸೀಟಿ, ಕಾಲಲ್ಲಿ ಬೂಟು. ಗಾಡಿ ಹತ್ತುವ ಮೊದಲು ಎಲ್ಲರ ಮೈಮೇಲೆ ಜೋತಾಡುವುದನ್ನೆಲ್ಲ ತೆಗೆಸಿ ಒಂದು ಪೆಟ್ಟಿಗೆಯಲ್ಲಿ ಇಡಿಸಿದಳು. ಗಾಲಿಗೆ ಸಿಕ್ಕರೆ ಕೊರಳೇ ಹೋಗುತ್ತದೆ ಎಂದು ಕೈ ಮಾಡಿ ತೋರಿಸಿದಳು. ದುಪಟ್ಟಾ ಹೋಯಿತು, ಸರ ಹೋಯಿತು. ಚನ್ನಮಲ್ಲಮ್ಮನ ಮುಂದೆ ಬಂದು ಎದೆಯ ಮೇಲೆ ತೂಗುತ್ತಿದ್ದ ಬೆಳ್ಳಿಯ ಕರಡಿಗೆಗೆ ಬೆರಳು ಮಾಡಿದಳು.

ಅದರೊಳಗೆ ಇಷ್ಟಲಿಂಗ ಇತ್ತು. ಎಂಟನೆಯ ವಯಸ್ಸಿಗೆ ಮಠದ ಅಯ್ಯನವರು ಕಟ್ಟಿದ್ದು. ಐವತ್ತು ವರ್ಷದಿಂದ ದಿನ ತಪ್ಪದೆ ಎಡ ಅಂಗೈಯಲ್ಲಿಟ್ಟು ಪೂಜೆ ಮಾಡಿಯೇ ಅವಳು ಬಾಯಿಗೆ ನೀರು ಹಾಕುವುದು. ಅದು ಮೈಬಿಟ್ಟು ಹೋದರೆ ಅನ್ನವೂ ಇಲ್ಲ, ನೀರೂ ಇಲ್ಲ. ಮರಳಿ ಸಿಗಬೇಕು, ಇಲ್ಲವೆ ಗುರು ಬೇರೆಯದನ್ನು ಕಟ್ಟಬೇಕು. ಅಂಥದ್ದನ್ನು ಬಿಚ್ಚಿ ಕಂಡವರ ಪೆಟ್ಟಿಗೆಯಲ್ಲಿ ಇಡುವುದೆ? ಅದೂ ಕೀಲಿ ಆ ಹೆಂಗಸಿನ ಕಿಸೆಯಲ್ಲಿ. ಈಕೆಯ ಕಣ್ಣು ಬೆಳ್ಳಿಯ ಮೇಲೆ ಬಿದ್ದಿದೆ ಎಂದು ಚನ್ನಮಲ್ಲಮ್ಮನಿಗೆ ಖಾತ್ರಿಯಾಯಿತು.

"ಕೊರಳಾಗ ಬ್ಯಾಡಂದ್ರ ತೋಳಿಗೆ ಕಟ್ಕೋತೀನಂತ ಹೇಳು ಆಕಿಗೆ," ಎಂದು ಬಸವಲಿಂಗನಿಗೆ ಹೇಳಿದಳು. ಲಿಂಗ ಹೊಕ್ಕುಳಿಗಿಂತ ಕೆಳಗೆ ಬರಬಾರದು, ತೋಳಿಗೆ ಅಡ್ಡಿಯಿಲ್ಲ.

ಬಸವಲಿಂಗ ತನ್ನ ಹರಕುಮುರುಕು ಇಂಗ್ಲಿಷಿನಲ್ಲಿ ಒಪ್ಪಿಸಿದ. ಅವನ ಲಿಂಗ ಅರಿವೆಯಲ್ಲಿ ಸುತ್ತಿದ್ದು, ಅಂಗಿಯ ಒಳಗೇ ಇತ್ತು. ಅವನಿಗೆ ತಕರಾರು ಬರಲಿಲ್ಲ. "ಒಂದ ಕೈಯಾಗ ಗಂಟು ಬಿಗ್ಯಾಗಂಗಿಲ್ರಿ ಅಕ್ಕಾರ. ದಾರ ನಾ ಕಟ್ಲೇನ್ರಿ?" ಎಂದ.

"ನಿನ್ನ ಕೈ ಹ್ಯಾಂಡಲ್ ಮ್ಯಾಲಿರಲಿ," ಎಂದಳು ಚನ್ನಮಲ್ಲಮ್ಮ. ಎಡತೋಳಿಗೆ ಶಿವದಾರ ಸುತ್ತಿ, ಒಂದು ತುದಿ ಬಲಗೈಯಲ್ಲಿ, ಇನ್ನೊಂದು ಹಲ್ಲಿನಲ್ಲಿ ಹಿಡಿದು ತಾನೇ ಬಿಗಿದುಕೊಂಡಳು. ಮೇಲೆ ಸೆರಗು ಹೊದ್ದು ತುದಿಯನ್ನು ಸೊಂಟಕ್ಕೆ ಸಿಕ್ಕಿಸಿದಳು.

ಸೀಟಿ ಕೂಗಿತು, ಗಾಡಿಗಳು ಸಾಲು ಹಿಡಿದವು. ತೆಂಗಿನ ಮರಗಳ ನಡುವೆ ಏರು ಇಳಿವಿನ ರಸ್ತೆ, ಒಂದು ಕಡೆ ನೀಲಿ ಸಮುದ್ರ. ಉಳಿದವರು ಕೇಕೆ ಹಾಕುತ್ತಿದ್ದರೆ ಚನ್ನಮಲ್ಲಮ್ಮ ಬಸವಲಿಂಗನ ಬೆನ್ನನ್ನೇ ನೋಡುತ್ತಿದ್ದಳು. ತಿರುವಿನಲ್ಲಿ ಬೇಕಂತಲೇ ವಾಲಿಸುತ್ತಾನೆ ಅನ್ನಿಸಿತು. ಬಟ್ಟೆಯಂಗಡಿಯೊಂದರ ಮುಂದೆ ಗಾಡಿ ನಿಲ್ಲಿಸಿದಾಗ, ರಾಯಚೂರು ಸ್ಟೇಷನ್ನಿನಿಂದ ತಮಗೆ ಬೇಕಾದ ಲಾಡ್ಜಿಗೇ ಒಯ್ಯುವ ಆಟೋದವರ ನೆನಪಾಗಿ, "ಇಲ್ಲಿ ಆಕಿಗೆ ಏನೋ ಕಮಿಷನ್ ಅದ" ಎಂದು ಕೆಳಗೇ ಇಳಿಯಲಿಲ್ಲ. ಹಣ್ಣು ಕೊಟ್ಟರು, ತಿನ್ನಲಿಲ್ಲ. ಹೀಗೆ ಎಲ್ಲರ ಮೇಲೂ ಕಣ್ಣಿಟ್ಟಿದ್ದವಳು ತನ್ನ ತೋಳಿನ ಮೇಲೊಂದು ಕಣ್ಣಿಡುವುದನ್ನು ಮರೆತಳು.

ಮಧ್ಯಾಹ್ನ ಹನ್ನೆರಡಕ್ಕೆ ಸಮುದ್ರದ ದಂಡೆಗೆ ಬಂದು ಇಳಿದು, ಸೆರಗು ಸರಿಮಾಡಿಕೊಳ್ಳಲು ತೋಳು ಮುಟ್ಟಿದರೆ ಬರೀ ತೋಳು. ದಾರವೂ ಇಲ್ಲ, ಕರಡಿಗೆಯೂ ಇಲ್ಲ.

"ಯವ್ವಾ, ನನ್ನ ಲಿಂಗ!" ಎಂದು ಚೀರಿದಳು. ಮರುಕ್ಷಣವೇ ದಾರಿ ತೋರಿಸುವ ಹೆಂಗಸಿನ ಚೀಲಕ್ಕೆ ಕೈ ಹಾಕಿದಳು. "ಆಕೀನ ತಗೊಂಡಾಳ. ಬೆಳಿಗ್ಗೆಯಿಂದ ನೋಡಾಕತ್ತೀನಿ, ಆಕಿ ಕಣ್ಣು ಅದರ ಮ್ಯಾಲಿತ್ತು. ಚೀಲ ಬಿಚ್ಚಂತ ಹೇಳ್ರಿ!"

ಭಾಷೆ ಬೇಕಾಗಲಿಲ್ಲ. ಆ ಹೆಂಗಸು ಎಲ್ಲರ ಮುಂದೆ ತನ್ನ ಚೀಲವನ್ನು ಉಸುಕಿನ ಮೇಲೆ ಬೋರಲು ಹಾಕಿದಳು. ಊಟದ ಡಬ್ಬಿ, ನೀರಿನ ಬಾಟಲಿ, ಕೆಮ್ಮಿನ ಔಷಧ, ಮಗುವಿನ ಒಂದು ಜೊತೆ ಕಾಲುಚೀಲ. ಕಿಸೆಗಳನ್ನೂ ಹೊರಳಿಸಿ ತೋರಿಸಿದಳು. ಚನ್ನಮಲ್ಲಮ್ಮನಿಗೆ ಮುಖ ಎತ್ತಲಾಗಲಿಲ್ಲ, ಆದರೆ ಅನುಮಾನ ಸಾಯಲಿಲ್ಲ. ಬರೀ ಜಾಗ ಬದಲಿಸಿತು. ಹಿಂದೆ ಕೂತವಳ ತೋಳಿಗೆ ಹತ್ತಿರ ಇದ್ದವನು ಬಸವಲಿಂಗನೇ ಅಲ್ಲವೆ?

ಆ ಹೆಂಗಸು ಉಳಿದವರನ್ನು ಇನ್ನೊಬ್ಬರ ಜೊತೆ ಕಳಿಸಿ, ಬಂದ ದಾರಿಯಲ್ಲೇ ಇವರಿಬ್ಬರನ್ನು ವಾಪಸು ಕರೆದೊಯ್ದಳು. ಹುಲ್ಲು, ಚರಂಡಿ, ಸೇತುವೆ, ಅಂಗಡಿಯ ಅಂಗಳ ಎಲ್ಲ ಹುಡುಕಿದರು. ಬಿಸಿಲು ನೆತ್ತಿ ಸುಡುತ್ತಿತ್ತು. ಚನ್ನಮಲ್ಲಮ್ಮನಿಗೆ ಸಕ್ಕರೆ ಕಾಯಿಲೆ. ಬೆಳಿಗ್ಗೆ ಗುಳಿಗೆ ನುಂಗಿ ಎರಡು ಚಮಚ ಉಪ್ಪಿಟ್ಟು ತಿಂದದ್ದೇ ಕೊನೆ. ಮೂರು ಗಂಟೆಗೆ ಕೈ ನಡುಗತೊಡಗಿತು, ಕಣ್ಣಿಗೆ ಕತ್ತಲೆ ಬಂತು. ಬಸವಲಿಂಗ ಎಳನೀರು ತಂದು ಬಾಯಿಯ ಹತ್ತಿರ ಹಿಡಿದರೆ ತುಟಿ ಬಿಗಿದು ಮುಖ ತಿರುಗಿಸಿದಳು.

"ಒಂದ ಗುಟುಕು ಕುಡೀರಿ ಅಕ್ಕಾರ. ಶಿವ ಏನೂ ಅನ್ನಂಗಿಲ್ಲ."

"ಲಿಂಗಿಲ್ಲದ ಮೈಯಾಗ ಹನಿ ನೀರು ಹೋಗಂಗಿಲ್ಲ. ಊರು ಮುಟ್ಟಾತನಾ ಹಿಂಗ ಇರ್ತೀನಿ. ಸತ್ರ ಸಾಯ್ತೀನಿ."

ಊರು ಮುಟ್ಟಲು ಇನ್ನೂ ಎರಡು ದಿನಕ್ಕೂ ಹೆಚ್ಚು ಬೇಕಿತ್ತು. ಬಸವಲಿಂಗ ಅವಳ ಮುಖವನ್ನೊಮ್ಮೆ, ಗಡಿಯಾರವನ್ನೊಮ್ಮೆ ನೋಡಿದ. "ಆ ಇಳಿಜಾರಿನ ತಿರುವೊಂದು ಉಳದದ, ನೋಡಿ ಬರ್ತೀನಿ," ಎಂದು ಆ ಹೆಂಗಸಿನ ಜೊತೆ ಹೋದ. ಕಾಲು ಗಂಟೆಯಲ್ಲಿ ತಿರುಗಿ ಬಂದು ಮಡಚಿದ ಕರವಸ್ತ್ರವನ್ನು ಅವಳ ಅಂಗೈಯಲ್ಲಿಟ್ಟ.

"ಸಿಕ್ತರೀ."

ಬಟ್ಟೆಯ ಮೇಲಿಂದಲೇ ಬೆರಳಿಗೆ ಲಿಂಗದ ಗುಂಡಗಿನ ಮೈ ತಾಕಿತು. ಕಣ್ಣಿಗೊತ್ತಿಕೊಂಡು ಗೊಳೋ ಎಂದು ಅತ್ತಳು. ಎಳನೀರನ್ನು ಒಂದೇ ಉಸಿರಿಗೆ ಕುಡಿದಳು. ಕುಡಿದು ಜೀವ ಬಂದ ಮೇಲೆ ಕೇಳಿದಳು, "ಕರಡಿಗಿ ಎಲ್ಲದ?"

"ಲಾರಿ ಹಾದು ಚಪ್ಪಟಿ ಆಗಿತ್ರಿ. ಒಗದ್ ಬಿಟ್ಟೆ."

"ಬೆಳ್ಳಿ ಒಗದಿ?"

ಅವನು ಗಾಡಿ ಚಾಲೂ ಮಾಡಿದ. ದಾರಿ ತೋರಿಸುವವಳು ಸಮುದ್ರದ ಕಡೆ ತಿರುಗಿ ನಿಂತಿದ್ದಳು. ವ್ಯಾಪಾರಿಯಾದವನು ಬೆಳ್ಳಿ ಎಸೆಯುವುದೆ? ಬೆಲೆಬಾಳುವುದನ್ನು ಇಟ್ಟುಕೊಂಡು ಲಿಂಗ ಕೊಟ್ಟಿದ್ದಾನೆ, ಇಷ್ಟಾದರೂ ದೇವರ ಭಯ ಇದೆಯಲ್ಲ ಎಂದುಕೊಂಡಳು. ಬಂದರಿನಲ್ಲಿ ಇಳಿದಾಗ ಆ ಹೆಂಗಸಿಗೆ ಎರಡೂ ಕೈ ಮುಗಿದಳು. ಆಕೆ ಅವಳ ಕೈಗಳನ್ನು ಹಿಡಿದು ಕೆಳಗಿಳಿಸಿ, ಏನೋ ಹೇಳಿ ಹೋದಳು.

ಹಡಗಿನ ಕೋಣೆಯಲ್ಲಿ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಕರವಸ್ತ್ರ ಬಿಚ್ಚಿ ಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡಳು. ಇಟ್ಟ ಕೂಡಲೆ ಅಂಗೈ ಇದಲ್ಲ ಎಂದಿತು. ನಾಲ್ಕು ಕಡಲೆಕಾಳಿನಷ್ಟು ಭಾರ ಹೆಚ್ಚು. ಕೆಳಗಿನ ಅಂಚು ಬೇರೆ. ಕಪ್ಪು ಮೈಯಲ್ಲಿ ದೀಪದ ಬೆಳಕು ಕೂರುವ ಜಾಗವೂ ಬೇರೆ.

ಅವಳು ಹಾಸಿಗೆಯ ಮೇಲೆ ಕೂತು ಅದನ್ನೇ ನೋಡಿದಳು. ಇದೇನು ಆಟ? ನನ್ನದನ್ನು ಇಟ್ಟುಕೊಂಡು ಬೇರೆಯದು ಕೊಟ್ಟನೆ? ಕೊಟ್ಟರೆ ಅವನಿಗೇನು ಬಂತು? ಆ ದ್ವೀಪದಲ್ಲಿ ಇಂಥದ್ದು ಅವನಿಗೆ ಎಲ್ಲಿ ಸಿಕ್ಕಿತು? ಹತ್ತೊಂಬತ್ತು ವರ್ಷ ಎಲ್ಲರ ಲಾಭವನ್ನು ಹುಡುಕಿ ತೆಗೆದವಳಿಗೆ ಈ ಕೆಲಸದಲ್ಲಿ ಲಾಭ ಎಲ್ಲಿದೆ ಎಂದು ತಿಳಿಯಲಿಲ್ಲ. ತಲೆ ಕೆಟ್ಟಂತಾಗಿ, ಲಿಂಗವನ್ನು ಎದೆಗೆ ಒತ್ತಿ ಹಿಡಿದು ಊಟದ ಕೋಣೆಗೆ ಹೋದಳು.

ಬಸವಲಿಂಗ ಮೂಲೆಯ ಮೇಜಿನಲ್ಲಿ ಒಬ್ಬನೇ ಕೂತಿದ್ದ. ಮುಂದೆ ತಾಟಿಲ್ಲ, ಗ್ಲಾಸನ್ನು ಬೋರಲು ಹಾಕಿದ್ದ. ಯಾರೋ ಡೀಲರು, "ಉಣ್ರಿ ಬಸವಲಿಂಗಪ್ಪ" ಎಂದರೆ, ಹೊಟ್ಟೆ ಸರಿಯಿಲ್ಲ ಎಂದು ಕೈಯಾಡಿಸಿದ. ಅವನ ತುಟಿ ಒಣಗಿ ಬಿಳಿಚಿತ್ತು. ಚನ್ನಮಲ್ಲಮ್ಮ ನಿಂತಲ್ಲೇ ನಿಂತಳು. ಎಲ್ಲವೂ ಒಮ್ಮೆಗೇ ತಿಳಿದು, ನಾಚಿಕೆಯಿಂದ ಅವಳ ಕಿವಿ ಸುಟ್ಟವು.

ಹೋಗಿ ಎದುರು ಕೂತಳು. "ಇದು ನಿಂದು."

"ಅಲ್ರಿ ಅಕ್ಕಾರ, ನಿಮ್ಮದ."

"ನನ್ನ ಅಂಗೈಗೆ ಸುಳ್ಳು ಹೇಳ್ತಿ?"

ಅವನು ತಲೆ ತಗ್ಗಿಸಿದ. "ನಿಮಗ ಸಕ್ಕರಿ ಬ್ಯಾನಿ ಅದ. ಎರಡ ದಿನ ನೀವು ತಡ್ಯಂಗಿಲ್ಲ. ನಾ ತಡೀತೀನಿ. ಇಟ್ಕೋರಿ."

"ಲಿಂಗದ ಮ್ಯಾಲೆ ಸುಳ್ಳು ಹೇಳೀದಿ. ಪಾಪ ಹತ್ತತದ."

"ಹತ್ಲಿ ಬಿಡ್ರಿ."

ಆಕೆಗೆ ದುಃಖ ಒತ್ತರಿಸಿ ಬಂತು. ಇಂಥವನೊಬ್ಬನು ಬಾಗಿಲಿನ ಎದುರೇ ಇದ್ದನಲ್ಲ, ಬೀಜ ನೋಡುವ ಕಣ್ಣಿಗೆ ಇವನು ಕಾಣಲಿಲ್ಲವಲ್ಲ ಎಂದು ತನ್ನ ಮೇಲೆ ತನಗೇ ಸಿಟ್ಟು ಬಂತು. ಕಣ್ಣೊರೆಸಿಕೊಂಡು ಲಿಂಗವನ್ನು ಅವನ ಕೈಯಲ್ಲಿಟ್ಟು ಬೆರಳು ಮಡಚಿದಳು.

"ನೀ ಪೂಜಿ ಮಾಡ್ಕೋ. ಮಾಡಿ ನನಗ ಪ್ರಸಾದ ಕೊಡು. ಊರು ಮುಟ್ಟಾತನಾ ನಿನ್ನ ಲಿಂಗದ ಪ್ರಸಾದ ಉಣ್ತೀನಿ. ನೀ ಕೊಡ್ಲಿಲ್ಲಂದ್ರ ಇಬ್ರೂ ಉಪಾಸ."

ಬಸವಲಿಂಗ ಎದ್ದು ಹೋಗಿ ಕೈಕಾಲು ತೊಳೆದು ಬಂದ. ಊಟದ ಕೋಣೆಯ ಗದ್ದಲದ ನಡುವೆಯೇ ಗೋಡೆಯ ಕಡೆ ತಿರುಗಿ ಕೂತು, ಲಿಂಗವನ್ನು ಅಂಗೈಯಲ್ಲಿಟ್ಟು ಕಣ್ಣು ನೆಟ್ಟ. ಅವನ ಪೂಜೆ ಮುಗಿಯುವವರೆಗೆ ಚನ್ನಮಲ್ಲಮ್ಮ ಕೈಕಟ್ಟಿ ನಿಂತಿದ್ದಳು. ಅವಳು ತಂದಿಟ್ಟಿದ್ದ ತಾಟಿನ ಮೊಸರನ್ನವನ್ನು ಲಿಂಗಕ್ಕೆ ತೋರಿಸಿ, ಒಂದು ತುತ್ತು ಕಲಸಿ ಅವಳ ಅಂಗೈಗೆ ಹಾಕಿದ. ಅವಳು ಅದನ್ನು ತೂಗಿ ನೋಡಲಿಲ್ಲ, ಮೂಸಲಿಲ್ಲ. ಬಾಯಿಗೆ ಹಾಕಿಕೊಂಡು ನುಂಗಿದಳು. ಕಣ್ಣೀರು ಗದ್ದಕ್ಕೆ ಇಳಿಯುತ್ತಿದ್ದ ಹಾಗೆಯೇ ಮತ್ತೆ ಕೈ ಚಾಚಿದಳು.

"ಇನ್ನೊಂದು ತುತ್ತು ಕೊಡಪ," ಎಂದಳು. "ಭಾಳ ಹಸಿವಾಗ್ಯದ."