ಟೈಲರ್ ಮಾಸ್ತರರು ತುಂಬಿದ ಅರ್ಜಿ

ನನ್ನ ಬಟ್ಟೆ ಅಂಗಡಿಗೂ ಟೈಲರ್ ಮಾಸ್ತರರ ಕೋಣೆಗೂ ನಡುವೆ ಇರುವುದು ಒಂದೇ ಒಂದು ಹಲಗೆಯ ಗೋಡೆ. ಅತ್ತ ಅವರು ಕೆಮ್ಮಿದರೆ ಇತ್ತ ನನ್ನ ಗಿರಾಕಿ ತಿರುಗಿ ನೋಡುತ್ತಾನೆ. ಇಪ್ಪತ್ತಾರು ವರ್ಷದಿಂದ ನಾನು ಬಟ್ಟೆ ಹರಿದು ಕೊಡುತ್ತೇನೆ, ಅವರು ಹೊಲಿಯುತ್ತಾರೆ. ನಾನು ಗಿರಾಕಿಗೆ ಅರ್ಧ ಮೀಟರ್ ಹೆಚ್ಚಿಗೆ ಕೊಳ್ಳುವಂತೆ ಹೇಳಿ ಕಳಿಸಿದರೆ, ಅವರು ಅದೇ ಅರ್ಧ ಮೀಟರನ್ನು ಉಳಿಸಿ, ಮಡಚಿ, ಗಿರಾಕಿಯ ಕೈಗೇ ಕೊಟ್ಟು ನನ್ನ ಮಾನ ಕಳೆಯುತ್ತಾರೆ. ಇಷ್ಟಾದರೂ ನಾವು ಸ್ನೇಹಿತರು.

ಮಾಸ್ತರರ ಅಂಗಡಿಗೆ ಜನ ಮುಗಿಬೀಳುವುದಕ್ಕೆ ಹೊಲಿಗೆಯೊಂದೇ ಕಾರಣವಲ್ಲ. ಅವರು ಅಳತೆ ತೆಗೆಯುವ ರೀತಿಯೇ ಬೇರೆ. ಹೊಟ್ಟೆಯ ಸುತ್ತ ಟೇಪು ಹಿಡಿದಾಗ ನಲವತ್ತೆರಡು ಬಂದರೆ, ಬಾಯಲ್ಲಿ "ಮೂವತ್ತೊಂಬತ್ತು" ಎನ್ನುತ್ತಾರೆ. ಪುಸ್ತಕದಲ್ಲೂ ಮೂವತ್ತೊಂಬತ್ತು ಎಂದೇ ಬರೆಯುತ್ತಾರೆ, ಗಿರಾಕಿ ಬಗ್ಗಿ ನೋಡುತ್ತಾನಲ್ಲ! ಆದರೆ ಕತ್ತರಿ ಹೋಗುವುದು ನಲವತ್ತೆರಡಕ್ಕೆ. ಬರೆದದ್ದಕ್ಕೆ ಎಷ್ಟು ಸೇರಿಸಬೇಕು ಎಂಬುದು ಅವರ ತಲೆಯಲ್ಲಿರುತ್ತದೆ. ಪ್ಯಾಂಟು ಸರಿಯಾಗಿ ಕೂರುತ್ತದೆ, ಗಿರಾಕಿ ತೆಳ್ಳಗಾದೆನೆಂದು ಹಿಗ್ಗುತ್ತಾನೆ. "ಆ ಬೀದಿಯ ಟೈಲರ್ ನನಗೆ ನಲವತ್ತೆರಡು ಅಂದ, ಕಣ್ಣೇ ಕಾಣಲ್ಲ ಅವನಿಗೆ" ಎಂದು ನನ್ನ ಅಂಗಡಿಯಲ್ಲಿ ನಿಂತು ಹೇಳಿದವರು ಎಷ್ಟು ಜನವೋ.

ಎರಡು ವರ್ಷದ ಹಿಂದೆ ಮಾಸ್ತರರಿಗೆ ಎದೆನೋವು ಬಂದು, ಆಸ್ಪತ್ರೆಯಲ್ಲಿ ರಕ್ತನಾಳಕ್ಕೆ ಒಂದು ಸ್ಟೆಂಟ್ ಕೂರಿಸಿ ಕಳಿಸಿದ್ದರು. ಅಂದಿನಿಂದ ಮಾತ್ರೆ, ಮಿತವಾದ ಊಟ, ಬೆಳಗ್ಗೆ ನಡಿಗೆ. ನಡಿಗೆ ಎಂದರೆ ಮನೆಯಿಂದ ಚಹಾ ಅಂಗಡಿಯವರೆಗೆ.

ಈ ವರ್ಷ ಅವರ ಅಕ್ಕನ ಫೋನು ಬಂತು. ಅಕ್ಕ ಇರುವುದು ಸಮುದ್ರದಾಚೆಯ ದೇಶದಲ್ಲಿ, ಅಲ್ಲಿ ಹರಿದ ಬಟ್ಟೆ ಸರಿಮಾಡುವ ಒಂದು ಅಂಗಡಿ ಇಟ್ಟುಕೊಂಡು. ಮಾಸ್ತರರಿಗಿಂತ ಹದಿನಾರು ವರ್ಷ ದೊಡ್ಡವರು. ತಾಯಿ ಬೇಗ ಹೋದರು, ಎತ್ತಿ ಆಡಿಸಿದ್ದೂ ಅಕ್ಕನೇ, ಸೂಜಿಗೆ ದಾರ ಪೋಣಿಸಲು ಕಲಿಸಿದ್ದೂ ಅಕ್ಕನೇ. ಆ ಅಕ್ಕನ ತಲೆಯಲ್ಲಿ ಗಡ್ಡೆ. ಹತ್ತೊಂಬತ್ತನೇ ತಾರೀಕು ಆಪರೇಷನ್. ಎದ್ದರೂ ಯಾರ ಗುರುತು ಹಿಡಿಯುತ್ತಾರೋ ಇಲ್ಲವೋ ಹೇಳಲಾಗದು ಎಂದು ಡಾಕ್ಟರು ಮುಖಕ್ಕೇ ಹೇಳಿದ್ದರಂತೆ.

"ಗುರುತು ಇರೋವಾಗ್ಲೇ ಒಂದ್ಸಲ ಬಂದು ಹೋಗೋ" ಎಂದರು ಅಕ್ಕ. "ಆದ್ರೆ ಎದೆಗೂ ಸೇರಿಸಿ ಇನ್ಶೂರೆನ್ಸ್ ಮಾಡಿಸ್ಕೊಂಡು ಬಾ. ಇಲ್ಲಿ ನೀನು ಒಂದು ರಾತ್ರಿ ಆಸ್ಪತ್ರೆಯಲ್ಲಿ ಮಲಗಿದ್ರೆ ನಾನು ಮನೆ ಮಾರಬೇಕು."

ವೀಸಾ ಕಚೇರಿಯವರದೂ ಅದೇ ಮಾತು. ವಿಮೆಯ ಕಾಗದ ಇಲ್ಲದೆ ಬರಲೇಬೇಡಿ. ಹತ್ತನೇ ತಾರೀಕಿಗೆ ಸಮಯ ಕೊಟ್ಟರು. ಆಗ ನಮ್ಮ ಕೈಯಲ್ಲಿದ್ದದ್ದು ಎಂಟು ದಿನ.

ಮೊದಲ ಏಜೆಂಟ್ ನನ್ನ ಅಂಗಡಿಗೇ ಬಂದ. ಮಾಸ್ತರರ ವಯಸ್ಸು ಕೇಳಿ ನಕ್ಕ, ಹೃದಯದ ವಿಷಯ ಕೇಳಿ ಪೆನ್ನಿನ ಮುಚ್ಚಳ ಹಾಕಿದ.

"ಎದೆಯದ್ದೊಂದು ಬಿಟ್ಟು ಎಲ್ಲದಕ್ಕೂ ಇದೆ ಸಾರ್. ಹಲ್ಲು ಮುರಿದ್ರೆ ಇದೆ, ಕಾಲು ಉಳುಕಿದ್ರೆ ಇದೆ, ಪೆಟ್ಟಿಗೆ ಕಳೆದ್ರೂ ಇದೆ."

"ಪೆಟ್ಟಿಗೆ ಮನೆಯಲ್ಲೇ ಇಟ್ಟು ಹೋಗ್ತೀನಿ, ಆ ಜಾಗಕ್ಕೆ ಎದೆ ಹಾಕ್ಕೊಳ್ಳಿ" ಎಂದರು ಮಾಸ್ತರರು.

ಎರಡನೆಯವನು ಫೋನಿನಲ್ಲೇ "ಆಮೇಲೆ ಮಾಡ್ತೀನಿ" ಎಂದ. ಆ 'ಆಮೇಲೆ' ಇನ್ನೂ ಆಗಿಲ್ಲ. ಮೂರನೆಯದು ಮೊದಲೇ ಇರುವ ಕಾಯಿಲೆಗಳಿಗೂ ವಿಮೆ ಕೊಡುವ ಕಂಪನಿ. ದರ ಕೇಳಿ ನನಗೇ ಎದೆ ಹಿಡಿದುಕೊಳ್ಳುವಂತಾಯಿತು. ಆದರೂ ಮಾಸ್ತರರು ಚೌಕಾಸಿಗೆ ಇಳಿಯಲಿಲ್ಲ. ಆ ಕಂಪನಿಯ ಅರ್ಜಿ ಆರು ಪುಟ. ಸ್ಟೆಂಟ್ ಯಾವಾಗ ಹಾಕಿದ್ದು, ಯಾವ ಮಾತ್ರೆ, ಎಷ್ಟು ಮೆಟ್ಟಿಲು ಹತ್ತಬಲ್ಲಿರಿ, ಕಳೆದ ತೊಂಬತ್ತು ದಿನಗಳಲ್ಲಿ ಎದೆನೋವು ಬಂದಿದೆಯೇ. ನಾನು ತುಂಬಿಕೊಡುತ್ತೇನೆಂದರೆ "ನನ್ನ ಎದೆ, ನಾನೇ ಬರೀತೀನಿ ಬಿಡಿ ಸಾಹುಕಾರ್ರೇ" ಎಂದು ತೆಗೆದುಕೊಂಡು ಹೋದರು. ಎಂಟನೇ ತಾರೀಕು ಪಾಲಿಸಿ ಬಂತು. ಎದೆಗೂ ಸೇರಿ.

ಒಂಬತ್ತರ ಮಧ್ಯಾಹ್ನ ಅವರ ಹೆಂಡತಿ ಆ ಕಾಗದದ ಕಟ್ಟನ್ನು ತಂದು ನನ್ನ ಗಲ್ಲಾದ ಮೇಲಿಟ್ಟರು. ಅರ್ಜಿಯ ಪ್ರತಿಯೂ ಅದರಲ್ಲೇ ಇತ್ತು.

"ಅಣ್ಣಾ, ನೀವು ಒಂದ್ಸಲ ಓದಿ. ನಾಳೆ ಕೊಡಬೇಕಂತೆ. ನನಗೆ ಈ ಸಣ್ಣ ಅಕ್ಷರ ಕಂಡ್ರೆ ಭಯ."

ಓದುತ್ತಾ ಮೂರನೇ ಪುಟಕ್ಕೆ ಬಂದೆ. 'ತೊಂಬತ್ತು ದಿನಗಳಲ್ಲಿ ಎದೆನೋವು: ಇಲ್ಲ. ಮೆಟ್ಟಿಲು: ಮೂರು ಮಹಡಿ, ಸುಸ್ತಿಲ್ಲದೆ.' ಹಿಂದಿನ ತಿಂಗಳು ಒಂದು ಮಧ್ಯಾಹ್ನ ದಾರದ ಬಣ್ಣ ಕೇಳಲು ನಾನು ಅವರ ಕೋಣೆಗೆ ಹೋದಾಗ, ಮಾಸ್ತರರು ಕಟಿಂಗ್ ಮೇಜಿಗೆ ಒರಗಿ, ಎರಡೂ ಕೈಗಳಿಂದ ಎದೆ ಒತ್ತಿಕೊಂಡು ನಿಂತಿದ್ದರು. ಹಣೆಯ ಮೇಲೆಲ್ಲ ಬೆವರು. "ಗ್ಯಾಸು. ಮನೇಲಿ ಹೇಳಬೇಡಿ, ಊಟ ಇನ್ನೂ ಕಡಿಮೆ ಮಾಡ್ತಾಳೆ" ಎಂದಿದ್ದರು. ನಾನೂ ಹೇಳಿರಲಿಲ್ಲ. ಗಿರಾಕಿ ಕೇಳದ ದೋಷವನ್ನು ಹೇಳದಿರುವುದು ನನ್ನ ವ್ಯಾಪಾರದ ಮೊದಲ ಪಾಠ. ಈಗ ಆ ಹೆಂಗಸು ಎದುರಿಗೆ ನಿಂತು ಕೇಳುತ್ತಿದ್ದಾರೆ.

"ಸರಿಯಾಗಿದೆಯಾ ಅಣ್ಣಾ?"

ಹೌದು ಎಂದರೆ ಮಾಸ್ತರರು ಅಕ್ಕನ ಮುಖ ನೋಡುತ್ತಾರೆ. ದಾರಿಯಲ್ಲಿ ಏನಾದರೂ ಆದರೆ ಕಂಪನಿಯವರು ಇದೇ ಪುಟ ತೆರೆದು, ಸುಳ್ಳೆಂದು ಕೈ ತೊಳೆದುಕೊಳ್ಳುತ್ತಾರೆ. ಇಲ್ಲ ಎಂದರೆ ನಾಳೆಯ ವೀಸಾ ಹೋಯಿತು, ಅಕ್ಕನೂ ಹೋದ ಹಾಗೆ. "ಕೂತ್ಕೊಳ್ಳಿ ತಂಗಿ, ಬಂದೆ" ಎಂದು ಕಾಗದ ಹಿಡಿದು ಪಕ್ಕದ ಕೋಣೆಗೆ ಹೋದೆ.

ಮಾಸ್ತರರು ಅಕ್ಕನಿಗೆಂದು ಒಂದು ಕುಪ್ಪಸ ಹೊಲಿಯುತ್ತಿದ್ದರು. ಕಾಗದ ನೋಡಿದ ಕೂಡಲೇ ಪೆಡಲಿನ ಮೇಲಿನ ಕಾಲು ನಿಂತಿತು.

"ಇದೇನು ಬರೆದಿದೀರಿ ಮಾಸ್ತರೇ?"

"ಏನು ಬರೆದಿದೀನಿ? ಸ್ವಲ್ಪ ಕಡಿಮೆ ಬರೆದಿದೀನಿ. ಓದೋರಿಗೂ ಸಮಾಧಾನ ಇರ್ಲಿ ಅಂತ. ಅವರೇ ಲೆಕ್ಕಕ್ಕೆ ಒಂದಿಷ್ಟು ಸೇರಿಸ್ಕೊಂಡಿರ್ತಾರೆ ಬಿಡಿ. ವಯಸ್ಸು ನೋಡಿದ್ರೆ ಗೊತ್ತಾಗಲ್ವಾ?"

ಅವರು ಮೋಸ ಮಾಡುವ ಮುಖದಲ್ಲಿ ಹೇಳಲಿಲ್ಲ. ನಿಜವಾಗಿಯೂ ಹಾಗೇ ನಂಬಿದ್ದರು. ಬರೆಯುವುದು ಮನಸ್ಸಿಗೆ, ಕತ್ತರಿಸುವುದು ಮೈಗೆ, ಇದು ಎಲ್ಲ ಕಸುಬಿಗೂ ಇರುವ ಕಟ್ಟಳೆ ಎಂದು ನಲವತ್ತು ವರ್ಷ ಕತ್ತರಿ ಹಿಡಿದ ಮನುಷ್ಯ ತಿಳಿದಿದ್ದರು.

"ಮಾಸ್ತರೇ, ಅವರು ಬರೆದಿದ್ದಕ್ಕೇ ಕತ್ತರಿಸ್ತಾರೆ. ಒಂದು ನೂಲೂ ಬಿಡಲ್ಲ."

ಮಾಸ್ತರರು ಸೂಜಿ ಚುಚ್ಚದಂತೆ ಬೆರಳಿಗೆ ತೊಟ್ಟ ಅಂಗುಸ್ತಾನ ತೆಗೆದರು, ಮತ್ತೆ ಹಾಕಿಕೊಂಡರು.

"ನಾಳೆ ವೀಸಾ, ಸಾಹುಕಾರ್ರೇ. ನೀವು ಸುಮ್ನಿದ್ರೆ ಆಗುತ್ತೆ. ಹೋಗಿ ನೋಡ್ಕೊಂಡು ಬರ್ತೀನಿ, ಅಷ್ಟೇ. ನಾಲ್ಕೇ ದಿನ."

"ಆಚೆ ನಿಮ್ಮ ಹೆಂಡತಿ ಕೂತಿದಾರೆ. ಸರಿಯಾಗಿದೆಯಾ ಅಂತ ಕೇಳ್ತಿದಾರೆ. ನೀವೇ ಬಂದು ಹೇಳಿ. ನಾನು ಹೇಳಲ್ಲ."

ಹೇಳಬೇಕಾಗಿಯೇ ಬರಲಿಲ್ಲ. ನಮ್ಮ ನಡುವಿನ ಹಲಗೆ ಅಷ್ಟೇನೂ ದಪ್ಪವಲ್ಲ ಎಂದೆನಲ್ಲ. ಅವರ ಹೆಂಡತಿ ಆಗಲೇ ಬಾಗಿಲಲ್ಲಿ ನಿಂತಿದ್ದರು. ಬೈಯಲಿಲ್ಲ, ಅಳಲಿಲ್ಲ. ಕಾಗದದ ಮೇಲಿದ್ದ ನಂಬರನ್ನು ಬೆರಳಿನಿಂದ ತೋರಿಸಿ, "ಫೋನ್ ಮಾಡಿ ಅಣ್ಣಾ. ನನಗೂ ಕೇಳಿಸೋ ಹಾಗೆ ಇಡಿ" ಎಂದರು.

ಹನ್ನೊಂದು ನಿಮಿಷ ಫೋನಿನಲ್ಲಿ ಪಿಟೀಲು ಕೇಳಿಸಿ ಕಾಯಿಸಿದರು ಕಂಪನಿಯವರು. ಆಮೇಲೆ ಕಾಯಿಲೆಯ ವಿವರ ವಿಚಾರಿಸುವ ಕಂಪನಿಯ ನರ್ಸಮ್ಮ ಒಬ್ಬರು ಸಿಕ್ಕರು. ಅರ್ಜಿಯಲ್ಲಿ ಒಂದು ತಿದ್ದುಪಡಿ ಇದೆ ಎಂದೆ. ತಿದ್ದಬೇಕಾದವರೇ ಮಾತಾಡಬೇಕು ಎಂದರು. ಫೋನನ್ನು ಕಟಿಂಗ್ ಮೇಜಿನ ಮೇಲೆ, ಅರ್ಧ ಹೊಲಿದ ಕುಪ್ಪಸದ ಪಕ್ಕದಲ್ಲಿಟ್ಟೆ.

"ಹೇಳಿ ಯಜಮಾನ್ರೇ. ತೊಂಬತ್ತು ದಿನದಲ್ಲಿ ಎದೆನೋವು ಬಂದಿದೆಯಾ?"

ಮಾಸ್ತರರು ನನ್ನನ್ನು ನೋಡಿದರು. ನಾನು ಬಟ್ಟೆ ನೋಡಿದೆ.

"ಬಂದಿದೆ."

"ಎಷ್ಟು ಸಲ?"

"ಮೂರು."

ನನಗೆ ಗೊತ್ತಿದ್ದದ್ದು ಒಂದು. ಅವರ ಹೆಂಡತಿಗೆ ಗೊತ್ತಿದ್ದದ್ದು ಸೊನ್ನೆ. ಆಕೆ ಮೆಲ್ಲಗೆ ಸ್ಟೂಲಿನ ಮೇಲೆ ಕುಳಿತರು.

"ಸುಮ್ಮನೆ ಕೂತಾಗ ಬಂತಾ, ಏನಾದ್ರೂ ಮಾಡ್ತಿರುವಾಗ ಬಂತಾ?"

"ಮೊದಲು ಮೆಟ್ಟಿಲಲ್ಲಿ. ಹೋದ ವಾರ... ಕೂತಾಗ."

ಈ ಸಲ ನರ್ಸಮ್ಮನ ದನಿಯಲ್ಲಿ ಕಂಪನಿಯ ಧಾಟಿ ಇರಲಿಲ್ಲ.

"ಯಜಮಾನ್ರೇ, ಪಾಲಿಸಿ ನಾನು ನಿಲ್ಲಿಸ್ತಿದೀನಿ, ಅದನ್ನ ಬಿಡಿ. ಪಕ್ಕದಲ್ಲಿ ಯಾರಿದಾರೆ? ಇವತ್ತೇ, ಈಗಲೇ ಆಸ್ಪತ್ರೆಗೆ ಹೋಗಿ. ನಡ್ಕೊಂಡು ಹೋಗಬೇಡಿ."

ಅಂಗಡಿಯ ಬಾಗಿಲು ಅರ್ಧ ಎಳೆದು, ಸಾಮಾನು ಸಾಗಿಸುವ ನನ್ನ ವ್ಯಾನಿನಲ್ಲಿ ಅವರನ್ನು ಕೂರಿಸಿದೆ. ಹಿಂದೆ ಪರದೆ ಬಟ್ಟೆಯ ಸುರುಳಿಗಳು. ಒಂದು ಸಿಗ್ನಲ್ಲಿನಲ್ಲಿ ನಿಂತಾಗ ಅವರ ಹೆಂಡತಿ ಕೇಳಿದರು.

"ಒಂದ್ಸಲನಾದ್ರೂ ನನಗೆ ಹೇಳಬೇಕು ಅನ್ನಿಸಲಿಲ್ವಾ?"

"ಹೇಳಿದ್ರೆ ನೀನು ಕಳಿಸ್ತಿದ್ಯಾ?"

"ಕಳಿಸ್ತಿರಲಿಲ್ಲ."

"ಅದಕ್ಕೇ."

ಆಸ್ಪತ್ರೆಯಲ್ಲಿ ಅವರನ್ನು ಮಲಗಿಸಿ ಎದೆಗೆ ವೈರು ಅಂಟಿಸಿದರು. ಡಾಕ್ಟರಮ್ಮ ಕಾಗದದ ಪಟ್ಟಿಯನ್ನು ಎರಡು ಸಲ ನೋಡಿದರು. ಇನ್ನೊಂದು ನಾಳ ಕಟ್ಟಿಕೊಳ್ಳುತ್ತಿರುವ ಹಾಗಿದೆ, ನಾಳೆ ಬೆಳಗ್ಗೆಯೇ ಒಳಗೆ ನಳಿಕೆ ತೂರಿಸಿ ನೋಡಬೇಕು, ವಿಮಾನದ ಮಾತು ಸದ್ಯಕ್ಕೆ ಎತ್ತಬೇಡಿ ಎಂದರು. ಎಷ್ಟು ದಿನ ಎಂದು ಮಾಸ್ತರರು ಕೇಳಿದರು. ತಿಂಗಳುಗಳು ಎಂದರು ಡಾಕ್ಟರಮ್ಮ. ಮಾಸ್ತರರು ಗೋಡೆಯ ಕ್ಯಾಲೆಂಡರಿನ ಕಡೆ ತಿರುಗಿ ಹತ್ತೊಂಬತ್ತನ್ನೇ ನೋಡುತ್ತಾ ಮಲಗಿದರು. ಆಮೇಲೆ ಫೋನು ಇಸಿದುಕೊಂಡು ಅಕ್ಕನಿಗೆ ಮಾಡಿದರು; ಅಕ್ಕನ ದನಿ ನಮಗೂ ಕೇಳುತ್ತಿತ್ತು.

"ಅಕ್ಕಾ, ನಾನು ಬರ್ತಾ ಇಲ್ಲ."

"ಇನ್ಶೂರೆನ್ಸ್ ಕೊಡಲಿಲ್ವಾ?"

"ಕೊಟ್ಟಿದ್ರು. ನಾನು ಸುಳ್ಳು ಬರೆದಿದ್ದೆ. ಈಗ ಆಸ್ಪತ್ರೆಯಲ್ಲಿದೀನಿ."

ಸಮುದ್ರದಾಚೆ ಒಂದು ಕುರ್ಚಿ ಎಳೆದ ಸದ್ದಾಯಿತು. "ನೋವು ಎಷ್ಟು ಸಲ ಬಂತು?"

"ಮೂರು."

"ಸರಿಯಾಗಿ ಹೇಳು."

"ಐದು."

ಅವರ ಹೆಂಡತಿ ಎದ್ದು ಡಾಕ್ಟರಮ್ಮನನ್ನು ಹುಡುಕಿಕೊಂಡು ಹೊರಗೆ ಹೋದರು. ಹತ್ತು ನಿಮಿಷದಲ್ಲಿ ಡಾಕ್ಟರಮ್ಮ ಬಂದು, ನಾಳೆ ಬೆಳಗ್ಗೆ ಎಂದದ್ದನ್ನು ಇವತ್ತು ಸಂಜೆಗೆ ಬದಲಿಸಿದರು.

"ಕೇಳಿಲ್ಲಿ" ಎನ್ನುತ್ತಿದ್ದರು ಅಕ್ಕ. "ನನ್ನ ಮುಖ ನೋಡೋಕೆ ಬಂದು ನನ್ನ ಮನೆ ಅಂಗಳದಲ್ಲಿ ಬಿದ್ದಿದ್ರೆ, ನಾನು ಯಾವ ಬಾಯಲ್ಲಿ ಆಪರೇಷನ್ ಟೇಬಲ್ ಹತ್ತಬೇಕಿತ್ತೋ? ಮಲಗು. ಹೇಳಿದ್ದೆಲ್ಲ ಮಾಡಿಸ್ಕೊ."

"ನೀನು ಎದ್ದ ಮೇಲೆ ನನ್ನ ಗುರುತು ಸಿಗದೆ ಹೋದ್ರೆ?"

ಅಕ್ಕ ಫೋನು ಇಡಲಿಲ್ಲ. ಇಬ್ಬರೂ ಹಿಡಿದುಕೊಂಡೇ ಇದ್ದರು, ಮಾಸ್ತರರನ್ನು ಒಯ್ಯುವ ಗಾಡಿ ತಳ್ಳುವವರು ಬರುವ ತನಕ.

ಸಂಜೆ ಎರಡನೆಯ ಸ್ಟೆಂಟ್ ಹಾಕಿದರು. ನಾಳ ನೂರಕ್ಕೆ ತೊಂಬತ್ತೈದು ಪಾಲು ಮುಚ್ಚಿತ್ತಂತೆ. ನಾಲ್ಕನೇ ದಿನ ಮನೆಗೆ ಬಿಟ್ಟರು. ಬಂದವರೇ ಕುಪ್ಪಸ ಕೇಳಿದರು, ಮೆಷಿನ್ ಮುಟ್ಟಲು ಹೆಂಡತಿ ಬಿಡಲಿಲ್ಲ. ಕೈಯಲ್ಲೇ ಗುಂಡಿ ಹೊಲಿದರು. ನಾನು ಅದನ್ನು ಪಾರ್ಸಲ್ ಮಾಡಿ ಕಳಿಸಿದೆ. ಹತ್ತೊಂಬತ್ತರೊಳಗೆ ತಲುಪುವ ಭರವಸೆ ಅಂಚೆಯವರು ಕೊಡಲಿಲ್ಲ, ನಾನೂ ಕೇಳಲಿಲ್ಲ.

ಹತ್ತೊಂಬತ್ತರಂದು ನಾನು ಅಂಗಡಿ ತೆರೆಯಲಿಲ್ಲ. ಮಾಸ್ತರರ ಮನೆಯ ಮುಂದಿನ ಕೋಣೆಯಲ್ಲಿ ಮೂವರೂ ಕುಳಿತೆವು. ಮಧ್ಯದ ಮೇಜಿನ ಮೇಲೆ ಫೋನು. ನಾಲ್ಕು ಗಂಟೆಗೆ ಮುಗಿಯುತ್ತದೆ ಎಂದಿದ್ದರು. ಐದಾಯಿತು. ಮಾಸ್ತರರ ಕೈ ಎದೆಯ ಕಡೆ ಹೋದಾಗಲೆಲ್ಲ ಹೆಂಡತಿ ನೋಡುತ್ತಿದ್ದರು. "ಗುಂಡಿ ಹಾಕ್ಕೊಳ್ತಿದೀನಿ ಮಾರಾಯ್ತಿ" ಎನ್ನುತ್ತಿದ್ದರು ಇವರು. ಆರೂ ಕಾಲಿಗೆ ಅಲ್ಲಿನ ನರ್ಸು ಫೋನು ಮಾಡಿ, ಗಡ್ಡೆ ತೆಗೆದಿದ್ದೇವೆ, ಉಸಿರು ಚೆನ್ನಾಗಿದೆ, ಎಚ್ಚರ ಆಗಿಲ್ಲ ಎಂದರು. ಎಚ್ಚರ ಆದ ಮೇಲಲ್ಲವೇ ನಮಗೆ ಬೇಕಾದದ್ದು.

ಮರುದಿನವೂ ಇಲ್ಲ. ಅದರ ಮರುದಿನ ಮಧ್ಯಾಹ್ನ ಎರಡು ಗಂಟೆಗೆ ಫೋನು ಹೊಡೆದುಕೊಂಡಿತು. ಮಾಸ್ತರರು ಎತ್ತಿ "ಅಕ್ಕಾ" ಎಂದರು.

"ಯಾರು?" ಎಂದಿತು ದಪ್ಪವಾದ ದನಿ. ನಾಲಿಗೆ ಇನ್ನೂ ಹೊರಳುತ್ತಿರಲಿಲ್ಲ.

ಮಾಸ್ತರರು ಹೆಸರು ಹೇಳಲಿಲ್ಲ. ನಾನು ಹೇಳಲು ಬಾಯಿ ತೆರೆದರೆ ಕೈಯೆತ್ತಿ ತಡೆದರು. ಅತ್ತ ಉಸಿರು ಎಳೆದುಕೊಳ್ಳುವ ಸದ್ದು, ಯಾರೋ ನೀರು ಕುಡಿಸಿದ ಸದ್ದು.

"ಪುಟ್ಟಾ" ಎಂದರು ಅಕ್ಕ. "ಊಟ ಆಯ್ತೇನೋ?"

"ಆಯ್ತಕ್ಕಾ."

ಅವರ ಹೆಂಡತಿ ಕೈ ಚಾಚಿ ಫೋನು ತೆಗೆದುಕೊಂಡರು. "ಇಲ್ಲ ಅಕ್ಕಾ, ಬೆಳಗ್ಗಿಂದ ಏನೂ ತಿಂದಿಲ್ಲ. ಈಗ ಬಡಿಸ್ತೀನಿ."