ಎಡಗೈಯ ಕಂಬಳಿ ಗವಸು

ಪಂಪಾಪತಿ, ನಿನ್ನ ಎಡಗೈಯ ಮೂರು ಬೆರಳು ಹೋದದ್ದು ಲಿಂಗಪೂಜೆಯಿಂದಲ್ಲ, ನನ್ನಿಂದ. ಇದು ನಿನಗೆ ಗೊತ್ತು. ಗೊತ್ತಿಲ್ಲದೆಯೇ ಹೋದವಳು ನಿಮ್ಮವ್ವ. ಆಕೆಗೆ ಗೊತ್ತಾಗದ ಹಾಗೆ ನೋಡಿಕೊಂಡವನು ನಾನು — ಒಂದೆರಡು ದಿನವಲ್ಲ, ಹನ್ನೊಂದು ವರ್ಷ. ಆಕೆ ಮಣ್ಣಾಗಿ ವರ್ಷವಾದ ಮೇಲೆ ಈಗ ಕೂತು ಬರೆಯುತ್ತಿದ್ದೇನೆ. ಬದುಕಿದ್ದಾಗ ಬಾಯಿ ಬಿಡದವನು ಈಗ ಯಾರಿಗೆ ಹೇಳುತ್ತೀ ಎಂದು ನೀನು ಕೇಳಬಹುದು.

ನಿನಗೆ ಗೊತ್ತಿರುವುದನ್ನೂ ಬರೆಯುತ್ತೇನೆ, ಬೇಸರಪಡಬೇಡ. ಮೊದಲಿನಿಂದ ಹೇಳದಿದ್ದರೆ ಎಲ್ಲೋ ಒಂದು ಕಡೆ ನುಣುಚಿಕೊಳ್ಳುತ್ತೇನೆ. ನನ್ನ ಬುದ್ಧಿ ನನಗೆ ಗೊತ್ತು.

ಬಳ್ಳಾರಿಯಲ್ಲಿ ಕಾಲೇಜು ಓದುವಾಗ ನಮಗಿಬ್ಬರಿಗೂ ಬಂಡೆ ಹತ್ತುವ ಹುಚ್ಚು. ನಾನು ಬ್ರೂಸ್‌ಪೇಟೆಯ ಬಟ್ಟೆ ಅಂಗಡಿಯವನ ಮಗ, ನೀನು ಬಾದನಹಟ್ಟಿಯಿಂದ ಬಸ್ಸಿಗೆ ಬರುತ್ತಿದ್ದ ರೈತರ ಹುಡುಗ. ಭಾನುವಾರ ಬಂತೆಂದರೆ ಕುರುಗೋಡಿನ ಗುಡ್ಡ. ಬೂಟಿಲ್ಲ, ಹಗ್ಗವಿಲ್ಲ — ಬೆವರು ಒರೆಸುವ ಟವೆಲನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಬರಿಗಾಲು, ಬರಿಗೈಯಲ್ಲಿ ಹತ್ತುವುದು. ಬಿಸಿಲಿಗೆ ಕಾದ ಕಲ್ಲು ಅಂಗೈ ಸುಡುತ್ತಿತ್ತು. ಆದರೂ ಕಲ್ಲು ಕೈಗೆ ತಾಗಿದರೇ ನಮಗೆ ನಂಬಿಕೆ. ಆ ಚಟವೇ ಮುಂದೆ ನಮ್ಮನ್ನು ಹಾಳು ಮಾಡಿತು — ಇಲ್ಲ, ನಮ್ಮನ್ನಲ್ಲ, ನಿನ್ನನ್ನು.

ಕೊನೆಯ ವರ್ಷ ಕುಲು ಕಣಿವೆಯ ಪರ್ವತಾರೋಹಣ ಶಿಬಿರಕ್ಕೆ ನಾವಿಬ್ಬರೂ ಆಯ್ಕೆಯಾದಾಗ, ಹಿಮವೆಂದರೆ ನಾವು ಕಂಡಿದ್ದು ಐಸ್‌ಕ್ಯಾಂಡಿಯ ಡಬ್ಬಿಯಲ್ಲಿ ಮಾತ್ರ. ನಿಮ್ಮವ್ವ ಈರಮ್ಮ ಹೆದರಿದಳು. ಕಳಿಸುವುದಿಲ್ಲ ಎನ್ನಲಿಲ್ಲ, ಎರಡು ಕೆಲಸ ಮಾಡಿದಳು. ಒಂದು, ನಿನ್ನ ಕೈ ಹಿಡಿದು ಮಾತು ತೆಗೆದುಕೊಂಡಳು — “ಎಲ್ಲಿ ಹೋದ್ರೂ ಲಿಂಗಪೂಜಿ ತಪ್ಪಿಸಬ್ಯಾಡ.” ಇನ್ನೊಂದು, ಹಳೆಯ ಕರಿ ಕಂಬಳಿ ಕತ್ತರಿಸಿ ನಿನಗೆ ಕೈಗವಸು ಹೊಲಿದಳು. ಬೆರಳಿಗೊಂದು ಮನೆ ಮಾಡುವುದು ಆಕೆಗೆ ಬರಲಿಲ್ಲ. ಹೆಬ್ಬೆರಳಿಗೊಂದು, ಉಳಿದ ನಾಲ್ಕಕ್ಕೆ ಒಂದೇ ಚೀಲ. ನಾನು ನಕ್ಕಿದ್ದೆ, ಎತ್ತಿನ ಬಾಯಿಗೆ ಕಟ್ಟುವ ಕುಕ್ಕೆಯ ಹಾಗಿದೆ ಎಂದು. ಎಡಗೈಯದಕ್ಕೆ ಮಾತ್ರ ಕಂಬಳಿ ಎರಡು ಪದರ ಹಾಕಿ ಅಂಚಿಗೆ ಕೆಂಪು ದಾರ ಹೊಲಿದಿದ್ದಳು. ಯಾಕವ್ವ ಎಂದು ಕೇಳಿದ್ದಕ್ಕೆ, “ಲಿಂಗ ಹಿಡಿಯೋ ಕೈ ಐತಿ ಅದು, ಬೆಚ್ಚಗಿರಬೇಕು” ಎಂದಳು.

ನನ್ನ ಕೊರಳಲ್ಲೂ ಲಿಂಗವಿತ್ತು. ಆದರೆ ನನ್ನ ಪೂಜೆ ಹಬ್ಬಕ್ಕೊಮ್ಮೆ.

ಶಿಖರಕ್ಕೆ ಹೊರಟ ಬೆಳಿಗ್ಗೆ ಡೇರೆಯಲ್ಲಿ ನೀನು ಪೂಜೆ ಮಾಡಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಮಲಗುವ ಚೀಲದೊಳಗೇ ಕೂತು, ಎಡಗೈಯ ಗವಸು ತೆಗೆದು, ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಚಹಾಕ್ಕೆ ಕಾಯಿಸಿದ ನೀರಿನ ಎರಡು ಹನಿ ಹಾಕಿದೆ. ವಿಭೂತಿ ಹಚ್ಚಿದೆ. ಮತ್ತೆ ಗವಸು ಹಾಕಿಕೊಂಡೆ. ಅಷ್ಟೇ. ಗವಸು ಹಾಕಿಕೊಳ್ಳುವ ಮೊದಲು, ಗಂಟಾಗಿದ್ದ ನನ್ನ ಬೂಟಿನ ಲಾಡಿ ಬಿಚ್ಚಿ ಕಟ್ಟಿದವನೂ ನೀನೇ — ಅದೇ ಬೆರಳುಗಳಿಂದ. ನಿನ್ನ ಬೆರಳು ಅಂದು ಬೆಳಿಗ್ಗೆ ನೆಟ್ಟಗಿದ್ದವು ಎನ್ನುವುದಕ್ಕೆ ನನಗಿಂತ ದೊಡ್ಡ ಸಾಕ್ಷಿ ಇಲ್ಲ.

ಒಂದೇ ಹಗ್ಗಕ್ಕೆ ನಾವಿಬ್ಬರು, ಉಳಿದವರು ಮುಂದೆ ಹೋಗಿದ್ದರು. ಶಿಖರದ ಕೆಳಗೆ ಕೊನೆಯಲ್ಲಿ ಒಂದು ಕಲ್ಲಿನ ಗೋಡೆ, ನಾನು ಮುಂದೆ. ಗವಸಿನ ಕೈಗೆ ಕಲ್ಲು ಸಿಕ್ಕುತ್ತಿಲ್ಲ, ನಂಬಿಕೆ ಬರುತ್ತಿಲ್ಲ. ಕುರುಗೋಡಿನಲ್ಲಿ ಟವೆಲ್ ಕಚ್ಚಿಕೊಳ್ಳುತ್ತಿದ್ದಂತೆ ಎಡಗೈಯ ಗವಸನ್ನು ಎಳೆದು ಹಲ್ಲಿನಲ್ಲಿ ಕಚ್ಚಿಕೊಂಡೆ. ಕೆಳಗಿನಿಂದ ನೀನು ನನ್ನ ಹೆಸರು ಹಿಡಿದು ಕೂಗಿದೆ, “ಗವಸ ತಗೀಬ್ಯಾಡಲೇ ಎರ್ರಿ, ಇದು ನಮ್ಮೂರ ಕಲ್ಲಲ್ಲ.” ನಾನು ಉತ್ತರ ಕೊಡಲು ಬಾಯಿ ತೆರೆದೆ. ಗವಸು ಗಾಳಿಗೆ ಹಾರಿ ಹೋಯಿತು.

ಇನ್ನೊಂದು ಜೋಡಿ ಗವಸು ಜೊತೆಗಿರಲೇಬೇಕೆಂದು ಶಿಬಿರದಲ್ಲಿ ಕಲಿಸುವ ಉಸ್ತಾದರು ಹತ್ತು ಸಲ ಹೇಳಿದ್ದರು. ನಾನು ಭಾರವೆಂದು ಡೇರೆಯಲ್ಲೇ ಬಿಟ್ಟಿದ್ದೆ. ನಿನ್ನ ಹೆಚ್ಚಿನ ಜೋಡಿ ತೊಯ್ದು ಚೀಲದಲ್ಲೇ ಹೆಪ್ಪುಗಟ್ಟಿತ್ತು. ಗೋಡೆ ದಾಟಿ ಮೇಲೆ ಕೂತಾಗ ನನ್ನ ಬೆರಳು ಬೆಳ್ಳಗಾಗುತ್ತಿದ್ದವು, ನಾನು ಅಳುತ್ತಿದ್ದೆ. ನೀನು ಕೆಂಪು ದಾರದ ಗವಸು ಕಳಚಿ ನನ್ನ ಮುಂದೆ ಹಿಡಿದೆ. “ಹಾಕ್ಕೊಳ್ಳಲೇ. ನಾ ಬಗಲಾಗ ಇಟ್ಕೊಂತೀನಿ.” ನಾನು ಹಾಕಿಕೊಂಡೆ. ಬೇಡ ಎನ್ನಲಿಲ್ಲ. ನಾವು ಶಿಖರದ ಮೇಲೆ ನಿಂತೆವು, ಕಣಿವೆಯೆಲ್ಲ ಕಾಲ ಕೆಳಗಿತ್ತು, ನೀನು ನಗುತ್ತಿದ್ದೆ, ನಿನ್ನ ಎಡಗೈ ಅಂಗಿಯೊಳಗಿತ್ತು.

ಇಳಿಯುವಾಗ ನಾನು ಎರಡು ಸಲ ಜಾರಿದೆ. ಎರಡು ಸಲವೂ ನೀನು ಹಗ್ಗವನ್ನು ಎರಡೂ ಕೈಯಲ್ಲಿ ಹಿಡಿದು ನಿಲ್ಲಿಸಿದೆ. ಹಗ್ಗಕ್ಕೆ ಹಿಮ ಮೆತ್ತಿತ್ತು.

ಈಗ ನಿನಗೂ ಗೊತ್ತಿಲ್ಲದ್ದನ್ನು ಹೇಳುತ್ತೇನೆ. ಇಳಿಯುವಾಗ ಗೋಡೆ ದಾಟಿದ ಮೇಲೆ ಒಂದು ಸಮತಟ್ಟು ಜಾಗ ಬಂತು, ನೆನಪಿದೆಯಲ್ಲ, ಬೆಲ್ಲ ತಿಂದೆವಲ್ಲ ಅಲ್ಲಿ. ಆಗ ನನಗೆ ಹೊಳೆದಿತ್ತು. ಅರ್ಧ ದಾರಿ ಒಬ್ಬರು, ಇನ್ನರ್ಧ ದಾರಿ ಒಬ್ಬರು ಹಾಕಿಕೊಳ್ಳಬಹುದು, ಈಗ ತಿರುಗಿ ಕೊಡಬೇಕು ಎಂದು ಸ್ಪಷ್ಟವಾಗಿ ಹೊಳೆದಿತ್ತು. ಆದರೆ ನನ್ನ ಕೈ ಬೆಚ್ಚಗಿತ್ತು. ನೀನು ಕೇಳಲಿಲ್ಲ. ನೀನು ಕೇಳಲಿಲ್ಲವಲ್ಲ ಎಂದು ನಾನು —

ಸಂಜೆ ಡೇರೆಗೆ ಬಂದಾಗ ನಿನ್ನ ಬೆರಳು ಮೇಣದಂತಿದ್ದವು. ಔಷಧದ ಮಂಪರಿನಲ್ಲಿ ನೀನು ಮಲಗಿದ್ದೆ. ಉಸ್ತಾದರು ಹಿಂದಿಯಲ್ಲಿ ಕೇಳಿದರು, ಇವನು ಕೈ ಬರಿದು ಮಾಡಿದ್ದು ಯಾವಾಗ? ಗವಸು ಕಳೆದವನಿಗೆ, ಹೆಚ್ಚಿನ ಜೋಡಿ ಬಿಟ್ಟು ಬಂದವನಿಗೆ ಸರ್ಟಿಫಿಕೇಟ್ ಇಲ್ಲ ಎಂಬುದು ನನಗೆ ಗೊತ್ತಿತ್ತು. ಆ ಸರ್ಟಿಫಿಕೇಟ್ ನಂಬಿಕೊಂಡೇ ನಾನು ವ್ಯಾಯಾಮ ಶಿಕ್ಷಕನ ಕೆಲಸದ ಕನಸು ಕಂಡಿದ್ದೆ. ಬೆಳಿಗ್ಗೆ ಪೂಜೆಗೆಂದು ತೆಗೆದಿದ್ದ ಎಂದುಬಿಟ್ಟೆ. ಅವರು ಹಾಗೆಯೇ ಬರೆದುಕೊಂಡರು. ಕಂಬಳಿ ಗವಸು ಆಗ ನನ್ನ ಚೀಲದ ತಳದಲ್ಲಿತ್ತು.

ಬೆರಳು ತೆಗೆಸಿಕೊಂಡು ವಾಪಸು ಬರುವಾಗ ರೈಲಿನಲ್ಲಿ ನಾನೇ ಬಾಯಿಬಿಟ್ಟು ಕೇಳಿಕೊಂಡೆ, ಗವಸಿನ ವಿಷಯ ಊರಲ್ಲಿ ಎತ್ತಬೇಡ, ನನಗೆ ನೌಕರಿ ಸಿಗುವುದಿಲ್ಲ ಎಂದು. ನೀನು “ಆತು ಬಿಡಲೇ” ಎಂದು ಕಿಟಕಿಯ ಕಡೆ ತಿರುಗಿದೆ. ಉಸ್ತಾದರ ಮುಂದೆ ನಾನು ಏನು ಹೇಳಿದ್ದೆ ಎನ್ನುವುದನ್ನು ಮಾತ್ರ ಮುಚ್ಚಿಟ್ಟೆ.

ಅದು ಬಯಲಾದದ್ದು ನಿಮ್ಮ ಮನೆಯ ಅಂಗಳದಲ್ಲಿ. ಹಗ್ಗ ಹಿಡಿಯುವಾಗ ಹೀಗಾಯಿತು ಎಂದು ನೀನು ನಿಮ್ಮವ್ವನಿಗೆ ಹೇಳಿದ್ದೆ. ಆಕೆ ನಂಬಿರಲಿಲ್ಲ. ನನ್ನನ್ನು ಕಟ್ಟೆಯ ಮೇಲೆ ಕೂಡಿಸಿ ಕೇಳಿದಳು, “ನನ್ನ ಮನಸ್ಸಿಗೆ ನೋವಾಗಬಾರದಂತ ಇವ ಏನೇನೋ ಹೇಳ್ತಾನ. ನೀ ಜೋಡಿ ಇದ್ದಾವ, ನೀ ಹೇಳಪ್ಪ. ಪೂಜಿಗಂತ ಗವಸ ತಗದಿದ್ನೇನು?”

“ಹೌದವ್ವ, ತಗದಿದ್ದ.”

ಈ ಮಾತಿನಲ್ಲಿ ಒಂದಕ್ಷರ ಸುಳ್ಳಿಲ್ಲ, ಪಂಪಾ. ಅದಕ್ಕೇ ಇಷ್ಟು ವರ್ಷ ಅದರ ಹಿಂದೆ ಅಡಗಿಕೊಳ್ಳಲು ನನಗೆ ಸಾಧ್ಯವಾಯಿತು. ನೀನು ನೀರಿನ ಚೆಂಬು ಹಿಡಿದು ನಿಂತಿದ್ದೆ. ನನ್ನ ಮುಖ ನೋಡಿದೆ. ನೀನು ಕಾದೆ ಎಂದು ಈಗ ಅನ್ನಿಸುತ್ತದೆ — ಮುಂದಿನ ಮಾತು ಹೇಳುತ್ತೇನೆಂದು ಕಾದೆ. ನಾನು ಹೇಳಲಿಲ್ಲ. ಇನ್ನೊಂದು ಗವಸು ಎಲ್ಲಿ ಎಂದು ಆಕೆ ಕೇಳಿದಾಗ, ಹಿಮದಲ್ಲಿ ಬಿತ್ತು ಎಂದೆ. ಅದು ಮಾತ್ರ ಹಸಿ ಸುಳ್ಳು.

ಅಂದಿನಿಂದ ನೀನು ಪೂಜೆಗೆ ಕೂತರೆ ನಿಮ್ಮವ್ವ ಹಿತ್ತಲಿಗೆ ಎದ್ದು ಹೋಗುತ್ತಿದ್ದಳು. ಎರಡು ಬೆರಳಿನ ಕೈಯಲ್ಲಿ ನೀನು ಲಿಂಗ ಹಿಡಿಯುವುದನ್ನು ನೋಡಲು ಆಕೆಗೆ ಆಗುತ್ತಿರಲಿಲ್ಲ. ನಾನು ಬಂದಾಗಲೆಲ್ಲ ರೊಟ್ಟಿ ಬಡಿಯುತ್ತ ಅದೇ ಹೇಳುತ್ತಿದ್ದಳು, ನಾನೇ ಮಾತು ತಗೊಂಡಿದ್ದೆ, ನಾನೇ ತಗೊಂಡಿದ್ದೆ ಎಂದು. ನಾನು ಬಿಸಿ ರೊಟ್ಟಿ ತಿನ್ನುತ್ತ ತಲೆ ಆಡಿಸುತ್ತಿದ್ದೆ. ಅಂಥ ಮನುಷ್ಯ ನಾನು.

ಇನ್ನೂ ಇದೆ. ಸಿರುಗುಪ್ಪದ ನಮ್ಮ ಶಾಲೆಯಲ್ಲಿ ಪ್ರತಿ ವರ್ಷ ಮಕ್ಕಳಿಗೆ ಆ ಶಿಖರದ ಕಥೆ ಹೇಳುತ್ತೇನೆ. ಶಿಸ್ತಿನ ಪಾಠಕ್ಕೆ ನಿನ್ನನ್ನು ಎತ್ತಿಕೊಳ್ಳುತ್ತೇನೆ. ಗುರುಗಳ ಮಾತು ಕೇಳದೆ ಬೆರಳು ಕಳೆದುಕೊಂಡ ಗೆಳೆಯನೊಬ್ಬನಿದ್ದ ಎನ್ನುತ್ತೇನೆ. ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳುತ್ತವೆ.

ನಿಮ್ಮವ್ವ ಬಳ್ಳಾರಿಯ ಆಸ್ಪತ್ರೆಯಲ್ಲಿದ್ದಾಗ, ನೀನು ಔಷಧ ತರಲು ಹೋದ ಹೊತ್ತಿನಲ್ಲಿ ನಾನು ಬಂದಿದ್ದೆ. ಗವಸು ಚೀಲದಲ್ಲಿತ್ತು. ಹೇಳಿಬಿಡಬೇಕೆಂದೇ ತಂದಿದ್ದೆ. ಕೈ ಚೀಲದೊಳಗೂ ಹೋಗಿತ್ತು. ಆಕೆಯೇ ಮೊದಲು ಮಾತಾಡಿದಳು. “ನಾ ಕಳಕೊಂಡಿದ್ನೆಪ್ಪ ಅವನ್ನ. ನೀ ಜೋಡಿ ಇದ್ದದ್ದಕ್ಕ ಜೀವಂತ ಬಂದ.” ನನ್ನ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡಳು. ಐದೂ ಬೆರಳಿದ್ದ ಕೈ. ನಾನು ಚೀಲದ ಬಾಯಿ ಮುಚ್ಚಿ, ಹಾಲು ಕುಡಿಸಿ, ಎದ್ದು ಬಂದೆ. ನಾಲ್ಕನೆಯ ದಿನ ಆಕೆ ಇರಲಿಲ್ಲ.

ನೀನು ಯಾಕೆ ಸುಮ್ಮನಿದ್ದೆ ಎಂದು ಕೇಳುವ ಹಕ್ಕು ನನಗಿಲ್ಲ. ನೀನು ಕೊಟ್ಟ ಮಾತು ಉಳಿಸಿಕೊಳ್ಳುವವನು, ಅವ್ವನಿಗೆ ಕೊಟ್ಟದ್ದನ್ನೂ, ನನ್ನಂಥವನಿಗೆ ಕೊಟ್ಟದ್ದನ್ನೂ. ಕ್ಷಮಿಸು ಎಂದೂ ಬರೆಯುವುದಿಲ್ಲ. ಕ್ಷಮಿಸಬೇಕಾದವಳು ಹೊಲದ ಬದುವಿನಲ್ಲಿ ಮಲಗಿದ್ದಾಳೆ.

ಶನಿವಾರ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಕಥೆಯನ್ನು ನಡೆದ ಹಾಗೆ ಹೇಳಿದೆ. ಸರ್ಟಿಫಿಕೇಟಿನ ಚೌಕಟ್ಟನ್ನು ಗೋಡೆಯಿಂದ ಇಳಿಸಿದ್ದೇನೆ. ಸೋಮವಾರ ಮೊದಲ ಬಸ್ಸಿಗೆ ಬರುತ್ತೇನೆ. ನಿಮ್ಮ ಓಣಿಯವರೆಲ್ಲ ಎದ್ದಿರುವ ಹೊತ್ತಿಗೆ, ಅದೇ ಅಂಗಳದಲ್ಲಿ, ಅದೇ ಕಟ್ಟೆಯ ಮುಂದೆ ನಿಂತು ಹೇಳುತ್ತೇನೆ. ಬಾಗಿಲು ಹಾಕಿಕೊಂಡರೆ ಹಾಕಿಕೋ. ಆಮೇಲೆ ಹೊಲಕ್ಕೆ ಹೋಗಿ, ಕೆಂಪು ದಾರದ ಗವಸನ್ನು ಆಕೆಯ ಗದ್ದುಗೆಯ ಮೇಲಿಟ್ಟು, ಆಕೆ ಅಂದು ಕಟ್ಟೆಯ ಮೇಲೆ ಕೂಡಿಸಿ ಕೇಳಿದ್ದಕ್ಕೆ ಈಗ ಉತ್ತರ ಕೊಡುತ್ತೇನೆ.

ಪೂಜಿಗಂತ ತಗದದ್ದನ್ನ ಅವ ತಿರುಗಿ ಹಾಕ್ಕೊಂಡಿದ್ದ, ಅವ್ವ. ನನಗಂತ ತಗದದ್ದನ್ನ ನಾ ತಿರುಗಿ ಕೊಡಲಿಲ್ಲ.