ಹಲಗಿ ಕೇಳಿದರೆ ಹಸಿಯುವ ಕುದುರೆ

ಕುದುರೆ ಪಳಗಿಸುವುದೇ ನನ್ನ ಉದ್ಯೋಗ ಎಂದರೆ ಇವತ್ತಿಗೂ ಕೆಲವರು ನನ್ನ ಬೆನ್ನ ಹಿಂದೆ ಯಾರಾದರೂ ಗಂಡಸರು ನಿಂತಿದ್ದಾರೇನೋ ಎಂದು ಹಣಕಿ ನೋಡುತ್ತಾರೆ. ಯಾರೂ ಇಲ್ಲ. ನವನಗರದ ಆಚೆ ನನ್ನದೇ ಲಾಯವಿದೆ, ನಾಲ್ಕು ಕುದುರೆಗಳಿವೆ. ಬೆಳಿಗ್ಗೆ ಎದ್ದರೆ ಅವನ್ನು ಬಯ್ಯುವುದು, ಮುದ್ದು ಮಾಡುವುದು, ಮತ್ತೆ ಬಯ್ಯುವುದು. ಸುಖವಾಗಿದ್ದೇನೆ. ಆದರೆ ಈ ಸುಖ ಪುಕ್ಕಟೆ ಬಂದದ್ದಲ್ಲ.

ನಾನು ಬೆಳೆದದ್ದು ಹುಬ್ಬಳ್ಳಿಯಲ್ಲಿ, ದುರ್ಗದಬೈಲಿನ ಹಿಂದಿನ ಒಂದು ಓಣಿಯಲ್ಲಿ. ಅಜ್ಜ ಟಾಂಗಾ ಹೊಡೆಯುತ್ತಿದ್ದ. ಆಟೋಗಳು ಬಂದು ಟಾಂಗಾ ಮೂಲೆ ಸೇರಿದ ಮೇಲೆ ಅಪ್ಪ ಕುದುರೆಗಳನ್ನು ಮದುವೆ ಮೆರವಣಿಗೆಗೆ ಹಚ್ಚಿದ. ಸಾಲಿಯ ಬೆಂಚಿನಲ್ಲಿ ಪಕ್ಕದ ಹುಡುಗಿ ಲದ್ದಿ ವಾಸನೆಯೆಂದು ಮೂಗು ಮುಚ್ಚಿಕೊಂಡರೆ ನಾನು ಇನ್ನಷ್ಟು ಒತ್ತಿ ಕೂಡುತ್ತಿದ್ದೆ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇತ್ತು, ನಾಚಿಕೆ ಮಾತ್ರ ಇರಲಿಲ್ಲ.

ಮೇವು ಹಾಕುವುದು, ಮೈ ಉಜ್ಜುವುದು, ಲದ್ದಿ ಬಳಿಯುವುದು ಎಲ್ಲ ನನ್ನವೇ. ಮೆರವಣಿಗೆಯಲ್ಲಿ ಲಗಾಮು ಹಿಡಿಯುವುದು ಮಾತ್ರ ಅಪ್ಪನದು. ಕೇಳಿದರೆ, "ಮಂದಿ ಏನಂತಾರ? ಹೆಣ್ಣಹುಡುಗಿ ನಡಬೀದ್ಯಾಗ ಕುದುರಿ ಹಿಡಕೊಂಡ ಹೊಂಟಾಳ ಅಂತಾರ" ಎನ್ನುತ್ತಿದ್ದ. ಯಾವ ಮಂದಿ ಎಂದರೆ ಲಗಾಮು ಹೆಗಲಿಗೆ ಹಾಕಿಕೊಂಡು ಹೊರಟುಬಿಡುತ್ತಿದ್ದ.

ನನ್ನ ಪಿಯುಸಿ ಮುಗಿದ ವರ್ಷ ಒಂದು ಬಿಳಿ ಹೆಣ್ಣುಗುದುರೆ ಬಂತು. ನೋಡಲು ಚೆಂದ, ಆದರೆ ತಮಟೆಯಂಥ ಹಲಗಿಯ ಸದ್ದು ಕೇಳಿದರೆ ಹಗ್ಗ ಹರಿದುಕೊಂಡು ಓಡುತ್ತಿತ್ತು. ನಮ್ಮ ಕಡೆ ಹಲಗಿಯಿಲ್ಲದ ಮೆರವಣಿಗೆ ಎಲ್ಲಿ? ಅಪ್ಪ ಅದನ್ನು ವಾಪಸು ಕೊಡಲು ಹೊರಟಾಗ ನಾನು ಬಾಗಿಲಿಗೆ ಅಡ್ಡ ನಿಂತೆ.

"ಲಗ್ನದ ಸೀಜನ್ ಬರೂದರಾಗ ಇದನ್ನ ನಾ ಪಳಗಸ್ತೇನಿ. ಆಗಲಿಲ್ಲಂದ್ರ ನೀ ಹೇಳಿದ ಹೊಲಿಗಿ ಕ್ಲಾಸಿಗೆ ಹೋಗತೇನಿ, ಲಾಯದ ಕಡೆ ತಿರುಗಿ ಸುದ್ದಾ ನೋಡೂದಿಲ್ಲ."

"ನೋಡು, ಆಮ್ಯಾಲ ಅಳಬಾರದು" ಎಂದ ಅಪ್ಪ. ಅವ್ವ ಅವತ್ತೇ ಹೊಲಿಗೆ ಯಂತ್ರ ಇಡಲು ಪಡಸಾಲೆಯಲ್ಲಿ ಜಾಗ ನೋಡತೊಡಗಿದಳು.

ನಾನು ಒಂದು ಹಳೆಯ ಹಲಗಿ ಬೇಡಿ ತಂದೆ. ಓಣಿಯ ತುದಿಯಲ್ಲಿ ಒಂದೆರಡು ಪೆಟ್ಟು ಹೊಡೆದು, ಬಂದು ಒಂದು ಹಿಡಿ ನೆನೆಸಿದ ಹುರಳಿ ತಿನ್ನಿಸುವುದು. ದಿನ ಕಳೆದಂತೆ ಹಲಗಿ ಹತ್ತಿರ ಬಂತು, ಪೆಟ್ಟು ಜೋರಾಯಿತು, ಓಣಿಯವರ ಬೈಗುಳವೂ ಜೋರಾಯಿತು. ಕಿವಿಗೆ ಹಾಕಿಕೊಳ್ಳಲಿಲ್ಲ. ಕೊನೆಗೆ ಹಲಗಿ ಕೇಳಿದೊಡನೆ ಕುದುರೆ ಕತ್ತು ಚಾಚಿ ನನ್ನ ಕೈ ಹುಡುಕುವಂತಾಯಿತು. ನಾನು ಗೆದ್ದೆ ಎಂದೇ ತಿಳಿದೆ.

ಮೊದಲ ಮೆರವಣಿಗೆ ದೇಶಪಾಂಡೆ ನಗರದಲ್ಲಿ. ಮದುಮಗ ಏರಿ ಕುಳಿತ, ಅಪ್ಪ ಲಗಾಮು ಹಿಡಿದ, ನಾನು ಸೀರೆ ಉಟ್ಟುಕೊಂಡು ಹೆಂಗಸರ ಗುಂಪಿನಲ್ಲಿ ನಿಂತೆ. ಹಲಗಿ ಶುರುವಾಯಿತು. ಕುದುರೆ ಓಡಲಿಲ್ಲ, ಬೆದರಲಿಲ್ಲ. ನೇರ ಹಲಗಿಯವರ ನಡುವೆ ನುಗ್ಗಿ ಒಬ್ಬರ ಜುಬ್ಬಾದ ಜೇಬಿಗೆ ಮೂತಿ ಹಾಕಿ ನಿಂತುಬಿಟ್ಟಿತು. ಹಲಗಿ ಬಾರಿಸಿದವರು ಹುರಳಿ ಕೊಡಬೇಕು, ಅದಕ್ಕೆ ಗೊತ್ತಿದ್ದದ್ದು ಅದೊಂದೇ. ಹಲಗಿಗೆ ನಿಲ್ಲುವುದನ್ನು ಕಲಿಸಿದ್ದ ನಾನು ನಡೆಯುವುದನ್ನು ಕಲಿಸಿರಲೇ ಇಲ್ಲ!

ಅಪ್ಪ ಎಳೆದ, ಗದರಿಸಿದ. ಹಲಗಿಯವರು ಕುದುರೆ ಕುಣಿಯಲಿಕ್ಕೆ ಬಂದಿದೆ ಎಂದುಕೊಂಡು ಇನ್ನೂ ಹುರುಪಿನಿಂದ ಬಾರಿಸಿದರು. ಅದು ಇನ್ನೂ ಗಟ್ಟಿಯಾಗಿ ಊರಿ ನಿಂತಿತು. ಮೇಲೆ ಕೂತ ಮದುಮಗ ಬೆವರತೊಡಗಿದ.

"ಅಕ್ಕಿಕಾಳಿನ ಮುಹೂರ್ತಕ್ಕ ಹೊತ್ತಾತ್ರಿ! ಕುದುರಿ ತಂದೀರೋ ಕಂಬ ತಂದೀರೋ?" ಎಂದು ಮದುಮಗನ ಕಾಕಾ ಕೂಗಿದರು. ನನ್ನ ಕಣ್ಣ ಮುಂದೆ ಹೊಲಿಗೆ ಯಂತ್ರ ಬಂತು. ಸಿಟ್ಟೂ ಬಂತು.

ಕುದುರೆಗೆಂದು ತಂದಿದ್ದ ಮೇವಿನ ಚೀಲದಿಂದ ಉಡಿ ತುಂಬ ಹುರಳಿ ಸುರಿದುಕೊಂಡು ಅಪ್ಪನ ಮುಂದೆ ಹೋಗಿ ಕೈ ಚಾಚಿದೆ.

"ಕೊಡಪಾ."

ಅಪ್ಪ ಸುತ್ತಲಿನ ಮಂದಿಯನ್ನು ನೋಡಿದ, ನನ್ನನ್ನು ನೋಡಿದ, ಲಗಾಮು ಕೊಟ್ಟ. ನಾನು ಹಿಂದೆ ಹಿಂದೆ ಸರಿಯುತ್ತ ಮುಷ್ಟಿ ತೋರಿಸಿದೆ. ಕುದುರೆ ನಾಲ್ಕು ಹೆಜ್ಜೆ ಇಟ್ಟಿತು, ಹುರಳಿ ಕೊಟ್ಟೆ. ಇನ್ನಷ್ಟು ನಡೆಸಿ ಮತ್ತೆ ಕೊಟ್ಟೆ. ಬಿಟ್ಟುಹೋದ ಪಾಠವನ್ನು ನಡುರಸ್ತೆಯಲ್ಲೇ ಮುಗಿಸಿದೆ. ಕಲ್ಯಾಣ ಮಂಟಪ ಕಾಣುವ ಹೊತ್ತಿಗೆ ಅದು ಹಲಗಿಯ ಪೆಟ್ಟಿಗೆ ಸರಿಯಾಗಿ ಕತ್ತು ಕುಣಿಸುತ್ತ ಬರುತ್ತಿತ್ತು. ಅಪ್ಪ ಇಷ್ಟು ವರ್ಷ ಅಂಜಿದ್ದ ಆ ಮಂದಿ ಒಬ್ಬರೂ ಏನೂ ಅನ್ನಲಿಲ್ಲ. ಅವರೆಲ್ಲ ಕುಣಿಯುವುದರಲ್ಲಿದ್ದರು.

ಮಂಟಪದ ಬಾಗಿಲಲ್ಲಿ ಕುದುರೆ ತಂದವರಿಗೆ ತಲೆಗೆ ರುಮಾಲು ಸುತ್ತಿ ತೆಂಗಿನಕಾಯಿ ಕೊಡುವುದು ಪದ್ಧತಿ. ಮದುಮಗನ ತಂದೆ ರುಮಾಲು ಹಿಡಿದು ಅಪ್ಪನ ಹತ್ತಿರ ಬಂದರು. ಅಪ್ಪ ತಲೆ ಬಗ್ಗಿಸಲಿಲ್ಲ. ನನ್ನ ಹೆಗಲ ಮೇಲೆ ಕೈಯಿಟ್ಟು ಮುಂದಕ್ಕೆ ದೂಡಿದ.

ಅವರು ತಡವರಿಸಿದರು. "ಹೆಣ್ಮಕ್ಕಳಿಗೆ ರುಮಾಲು ಸುತ್ತತಾರೇನ್ರಿ?"

"ಕುದುರಿ ತಂದಾವರಿಗೆ ಸುತ್ತತಾರ್ರಿ" ಎಂದ ಅಪ್ಪ, ಇಡೀ ಮಂದಿಗೆ ಕೇಳುವ ಹಾಗೆ. "ತಂದಾಕಿ ಇಕಿ. ನಮ್ಮ ಕುದುರಿ ಪಳಗಸುವಾಕಿನೂ ಇಕೀನ."

ನಾನು ತಲೆ ಬಗ್ಗಿಸಿದೆ. ರುಮಾಲು ದೊಡ್ಡದಾಗಿ ಕಣ್ಣಿನ ಮೇಲೆ ಜಾರಿತು. ಛಲೋ ಆಯಿತು, ನಾನು ಅಳುವುದು ಯಾರಿಗೂ ಕಾಣಲಿಲ್ಲ.